ಕಾಶಿಯಲ್ಲಿ ಬಿಟ್ಟು ಬಂದ ಅವರೆಕಾಯಿ

ದೂರದ ಊರುಗಳಲ್ಲಿ ನನಗೆ ಇದುವರೆಗೆ ಯಾವ ತೊಂದರೆಯೂ ಆಗಿಲ್ಲ. ಆಗುವುದೆಲ್ಲ ಮನೆ ಇನ್ನೇನು ಬಂತು ಎನ್ನುವಾಗಲೇ. ಬಡವನಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಮಿಷನ್ ನಡೆಸುತ್ತಿದ್ದೇನೆ. ಅಲ್ಲೂ ಇದೇ ಕತೆ. ಒಂದು ಮೂಟೆ ರಾಗಿ ಸುಸೂತ್ರವಾಗಿ ಬೀಸಿ ಮುಗಿಯುತ್ತದೆ. ಕೊನೆಯ ಎರಡು ಸೇರು ಉಳಿದಿರುವಾಗ ಬೆಲ್ಟು ಕಿತ್ತುಕೊಳ್ಳುತ್ತದೆ, ಇಲ್ಲವೇ ಕರೆಂಟು ಹೋಗುತ್ತದೆ. ಶಿವನಿಗೆ ನನ್ನ ಮೇಲೆ ಕೋಪವಿದೆ ಎಂದು ನಾನು ತಿಳಿದಿಲ್ಲ. ಕೊನೆಯತನಕ ನನ್ನನ್ನೇ ನೋಡುತ್ತಾ ಕೂರಲು ಅವನಿಗೆ ಪುರುಸೊತ್ತಿಲ್ಲ, ಅಷ್ಟೆ.

ಹೋದ ಧನುರ್ಮಾಸದಲ್ಲಿ ನನ್ನ ಹಳೆಯ ಮೋಟರ್ ಸೈಕಲ್ಲಿನಲ್ಲಿ ಒಬ್ಬನೇ ಕಾಶಿಗೆ ಹೋಗಿ ಬಂದೆ. ಹಿಂದಿನ ಸೀಟಿಗೆ ನನ್ನ ಷಡ್ಡಕ ಬರುವುದೆಂದು ಮಾತಾಗಿತ್ತು. ಹೊರಡುವ ದಿನ ಬೆಳಿಗ್ಗೆ ಅವನು ಬಂದ, ಗಾಡಿಗೆ ಅರಿಶಿನ ಕುಂಕುಮ ಹಚ್ಚಿದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ, ಕೈ ಮುಗಿದ, ಬೆನ್ನುನೋವು ಎಂದು ಹೇಳಿ ಮನೆಗೆ ಹೋದ. ಹೋಗಿ ಬಂದು ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರು. ಒಂದು ಪಂಚರಿಲ್ಲ, ತಡೆದು ಕೇಳಿದವರಿಲ್ಲ, ಒಂದು ಹೊತ್ತು ಹೊಟ್ಟೆನೋವಿಲ್ಲ. ಪಾವಗಡದಿಂದ ನಮ್ಮೂರಿಗೆ ಉಳಿದಿದ್ದ ಅರವತ್ತು ಚಿಲ್ಲರೆ ಕಿಲೋಮೀಟರಿನ ಮಾತೇ ಬೇರೆ. ಅದನ್ನು ಹೇಳುವ ಮುಂಚೆ ಗಂಗೆಯಲ್ಲಿ ನಡೆದದ್ದೊಂದನ್ನು ಹೇಳಬೇಕು.

೧. ಬೊಗಸೆಯ ನೀರು

ಕಾಶಿಗೆ ಹೋದವರು ಅಲ್ಲಿ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರಬೇಕು. ಬಿಟ್ಟದ್ದನ್ನು ಆಮೇಲೆ ಸಾಯುವತನಕ ಬಾಯಿಗಿಡುವಂತಿಲ್ಲ. ಮನಸ್ಸಿಗೆ ಬಹಳ ಇಷ್ಟವಾದದ್ದನ್ನೇ ಬಿಡಬೇಕು ಎಂಬುದು ಶಾಸ್ತ್ರ. ನಮ್ಮ ಕಡೆಯವರು ಶಾಸ್ತ್ರ ಮೀರುವವರಲ್ಲ. ಅದು ಬರುವಾಗ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುವವರು. ನಮ್ಮ ದೊಡ್ಡಪ್ಪ ಸೇಬು ಬಿಟ್ಟು ಬಂದಿದ್ದರು. ಅವರು ಅದುವರೆಗೆ ಸೇಬು ತಿಂದವರಲ್ಲ. ನಮ್ಮೂರ ಗೌಡರು ಅನಾನಸ್ ಬಿಟ್ಟರು. ಅದನ್ನು ತಿಂದರೆ ಅವರಿಗೆ ನಾಲಿಗೆ ಊದುತ್ತಿತ್ತು.

ನಮ್ಮ ಮನೆಯವಳು ಹನ್ನೊಂದು ವರ್ಷದ ಹಿಂದೆಯೇ ಹೆಂಗಸರ ಬಸ್ಸಿನಲ್ಲಿ ಕಾಶಿಗೆ ಹೋಗಿ ಬಂದಿದ್ದಳು. ಏನು ಬಿಟ್ಟೆ ಎಂದು ಕೇಳಿದ್ದಕ್ಕೆ, ಬಿಟ್ಟದ್ದರ ಮಾತು ಯಾಕೆ ಎಂದಳು. ನಾನು ನೋಡಿ ನೋಡಿ ತಿಳಿದುಕೊಂಡೆ: ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ಹಾಗಲಕಾಯಿ ಬೇಯಲಿಲ್ಲ. ನನಗೂ ಹಾಗಲಕಾಯಿ ಆಗದು. ಹಾಗಾಗಿ ನಾನೂ ಅದನ್ನೇ ಬಿಡುವುದೆಂದು ಊರಿನಲ್ಲೇ ತೀರ್ಮಾನ ಮಾಡಿಕೊಂಡು ಹೊರಟಿದ್ದೆ. ಗಂಡ ಹೆಂಡತಿ ಒಂದೇ ಬಿಟ್ಟರೆ ಅಡಿಗೆಗೂ ಅನುಕೂಲ.

ಆದರೆ ಮೊಣಕಾಲುದ್ದ ಗಂಗೆಯಲ್ಲಿ ನಿಂತು, ಬೊಗಸೆಯಲ್ಲಿ ನೀರು ಹಿಡಿದಿರುವಾಗ, ಕನ್ನಡ ಬಲ್ಲ ಪುರೋಹಿತರು ನನ್ನ ಮುಖ ನೋಡಿ, "ಮನಸ್ಸಿಗೆ ಬಹಳ ಇಷ್ಟವಾದದ್ದು ತಾನೇ?" ಎಂದರು. ಕೈಯಲ್ಲಿ ಗಂಗೆ ಇದ್ದಾಗ ಸುಳ್ಳು ಬರುವುದಿಲ್ಲ. ಹಾಗಲಕಾಯಿ ಎನ್ನಲು ಹೋದ ಬಾಯಿ ಅವರೆಕಾಯಿ ಎಂದಿತು.

ಅವರೆಕಾಯಿ ನನಗೆ ಏನಾಗಬೇಕು ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಸೊಗಡಿನ ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದೇ ಕಾಳಿನ ಸಿಪ್ಪೆ ಹಿದುಕಿ ತೆಗೆದು ಮಾಡಿದ ಬೇಳೆ ಸಾರು, ಜೊತೆಗೆ ಬಿಸಿ ರಾಗಿಮುದ್ದೆ. ಕಾಲ ಶುರುವಾದರೆ ಸಂಕ್ರಾಂತಿ ಕಳೆಯುವತನಕ ನಮ್ಮ ಮನೆಯಲ್ಲಿ ಬೇರೆ ಸಾರಿಲ್ಲ. ಅದು ಗಂಗೆಯ ಪಾಲಾಯಿತು.

ಪುರೋಹಿತರು ನೀರು ಬಿಡಿಸಿ, ಸಮಾಧಾನವಾಗಿ ಹೇಳಿದರು: "ಹಾಗಲಕಾಯಿ ಅಂತೀರೇನೋ ಅಂದ್ಕೊಂಡಿದ್ದೆ. ನಿಮ್ಮ ಕಡೆಯೋರೆಲ್ಲ ಅದನ್ನೇ ಬಿಡೋದು."

೨. ಬೆಳಗಿನ ಫೋನು

ವಾಪಸ್ಸು ಬರುವ ಕೊನೆಯ ದಿನ ಅನಂತಪುರದ ಒಂದು ಛತ್ರದಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಗಂಗೆಯ ತಾಮ್ರದ ತಂಬಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆ. ಮನೆ ಸೇರುವತನಕ ಅದನ್ನು ನೆಲಕ್ಕೆ ಇಡಬಾರದು, ಬೇರೆಯವರ ಮನೆಯ ಹೊಸಿಲು ತುಳಿಯಬಾರದು. ಅಷ್ಟರಲ್ಲಿ ಮನೆಯವಳ ಫೋನು ಬಂತು. ಕಾಶಿಯಿಂದ ಬಂದವರ ಮನೆಯಲ್ಲಿ ಊರವರಿಗೆ ಊಟ ಹಾಕುವುದು ವಾಡಿಕೆ. ಅದರ ಸಿದ್ಧತೆ ನಡೆದಿತ್ತು.

"ನಾನು, ನಿಮ್ಮ ತಂಗಿ, ಪಕ್ಕದ ಮನೆಯೋರು, ಎಲ್ಲಾ ಸೇರ್ಕೊಂಡು ನಿನ್ನೆಯಿಂದ ಹಿದುಕ್ತಾ ಇದೀವಿ. ಉಗುರು ನೋಯ್ತಾವೆ. ಏನು ಅಂತ ಹೇಳಲ್ಲ, ಸಾಯಂಕಾಲಕ್ಕೆ ಬಂದ್ಬುಡಿ. ಮೊದಲ್ನೇ ಎಲೆ ನಿಮ್ದೇ."

ಹಿದುಕುವುದು ಎಂದ ಮೇಲೆ ಹೇಳುವುದಕ್ಕೆ ಇನ್ನೇನಿದೆ? ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ನಿನ್ನೆಯಿಂದ ಉಗುರು ನೋಯಿಸಿಕೊಂಡ ಹೆಂಗಸಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ದೇವರಿಗೆ ಕೊಟ್ಟ ಮಾತು ಒಂದು ಕಡೆ, ಅವಳ ಉಗುರು ಇನ್ನೊಂದು ಕಡೆ. ಎಲೆಯ ಮುಂದೆ ಕೂರುವುದರೊಳಗೆ ಹೇಳುವುದು ಎಂದುಕೊಂಡೆ.

ಹಾಗಾದರೂ ಸುಮ್ಮನಿರಬೇಕಿತ್ತು. ಬಾಯಿಗೆ ಏನಾದರೂ ಬೇಕಲ್ಲ. ಅವಳ ಕೈಯ ಎಲ್ಲ ಅಡಿಗೆಯೂ ತೂಗಿ ಇಟ್ಟ ಹಾಗಿರುತ್ತದೆ. ಈ ಒಂದು ಸಾರಿನಲ್ಲಿ ಮಾತ್ರ ವರ್ಷಾ ವರ್ಷಾ ಉಪ್ಪು ಒಂದು ಕಲ್ಲು ಮುಂದೆ, ಇಲ್ಲವೇ ಹಿಂದೆ. ಅದನ್ನು ನಾನು ತಮಾಷೆ ಮಾಡುವುದುಂಟು. "ಈ ಸಲನಾದ್ರೂ ಉಪ್ಪು ನೋಡಿ ಹಾಕು" ಎಂದೆ.

ಅವಳು "ನೀವು ಗಾಡಿ ನೋಡಿ ಓಡ್ಸಿ" ಎಂದು ಫೋನಿಟ್ಟಳು.

೩. ಪಾವಗಡದ ಉಪ್ಪಿಟ್ಟು

ಪಾವಗಡದಲ್ಲಿ ರಸ್ತೆ ಬದಿಯ ಒಂದು ತಳ್ಳುಗಾಡಿಯ ಮುಂದೆ ತಿಂಡಿಗೆ ನಿಲ್ಲಿಸಿದೆ. ಗಾಡಿಯಾದ್ದರಿಂದ ಹೊಸಿಲು ಇರಲಿಲ್ಲ. ಗಾಡಿಯ ಅಮ್ಮ ನನ್ನ ಎದೆಯ ಮೇಲಿನ ತಂಬಿಗೆ ನೋಡಿ, ಕಾಶಿಯೇ ಎಂದು ಕೇಳಿ, ಕೈ ಮುಗಿದು, ಕೇಳುವುದಕ್ಕೆ ಮುಂಚೆಯೇ ತಟ್ಟೆಗೆ ಉಪ್ಪಿಟ್ಟು ಹಾಕಿದಳು. ತುಂಬ ಅವರೆಕಾಳು. ಹದಿನೈದು ದಿನ ಚಪಾತಿ ತಿಂದ ಮೂಗಿಗೆ ಆ ಸೊಗಡು ಬಡಿದು, ನಾನು ಗಾಡಿಯ ಕಂಬ ಹಿಡಿದುಕೊಂಡೆ.

ವಿಷಯ ಹೇಳಿದೆ. ಆಕೆ ಸೌಟು ಕೆಳಗಿಟ್ಟು ಯೋಚಿಸಿ, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು:

"ಕಾಶೀಲಿ ಬುಟ್ರೆ ಕಾಶೀಲಿ ತಿನ್ಬಾರ್ದು ಸಾಮಿ. ಇದಿ ಪಾವಗಡ. ಏಮೀ ಕಾದು, ಏನೂ ಆಗಲ್ಲ, ತಿನ್ನಿ."

ಹಾಗಲ್ಲ ತಾಯಿ, ಎಲ್ಲಿ ಹೋದರೂ ಬಿಟ್ಟದ್ದು ಬಿಟ್ಟದ್ದೇ ಎಂದೆ. ಆಕೆಗೆ ಬೇಜಾರಾಯಿತು, ಆದರೆ ಹಸಿದವನನ್ನು ಹಾಗೇ ಕಳಿಸುವ ಹೆಂಗಸಲ್ಲ. ಚಮಚ ತೆಗೆದುಕೊಂಡು ನನ್ನ ತಟ್ಟೆಯಿಂದ ಒಂದೊಂದೇ ಕಾಳನ್ನು ಹೆಕ್ಕಿ ಬೇರೆ ತಟ್ಟೆಗೆ ಹಾಕತೊಡಗಿದಳು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಯಾರೂ ಬೇಗ ಮಾಡು ಎನ್ನಲಿಲ್ಲ. ಒಬ್ಬರು ಬಗ್ಗಿ, "ಅಲ್ಲೊಂದೈತೆ ಚೂಡಕ್ಕ" ಎಂದು ತೋರಿಸಿದರು ಕೂಡ. ಎಲ್ಲ ತೆಗೆದ ಮೇಲೆ ಉಪ್ಪಿಟ್ಟಿನಲ್ಲಿ ಕಾಳು ಉಳಿಯಲಿಲ್ಲ, ಸೊಗಡು ಉಳಿಯಿತು. ವಾಸನೆಯೂ ಅವರೆಕಾಯಿಯದೇ ಅಲ್ಲವೇ ಎಂದು ಯೋಚಿಸಿ, ನಾನು ಎರಡು ಬಾಳೆಹಣ್ಣು ತಿಂದು ನೀರು ಕುಡಿದೆ.

ಆಕೆ ಬಲವಂತ ಮಾಡಲಿಲ್ಲ. ಹೆಕ್ಕಿಟ್ಟ ಕಾಳಿನ ತಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು, ಕಾಯುತ್ತಿದ್ದ ನಾಲ್ವರಿಗೂ ಎರಡೆರಡು ಕೊಟ್ಟು, ಉಳಿದದ್ದನ್ನು ತಾನು ತಿಂದಳು. "ಕಾಶೀಗೆ ಬುಟ್ಟಿದ್ದಲ್ವಾ," ಎಂದಳು, "ಪ್ರಸಾದ."

೪. ಬೇಗವೋ ನಿಧಾನವೋ

ಮಿಡಿಗೇಶಿ ದಾಟಿ, ಮಧುಗಿರಿಯ ಬೆಟ್ಟ ಪೂರ್ತಿ ಕಣ್ಣಿಗೆ ಬಿದ್ದಾಗ ಹಿಂದಿನ ಚಕ್ರ ಕುಳಿತಿತು. ನಾಲ್ಕು ಸಾವಿರ ಕಿಲೋಮೀಟರಿನ ಮೊದಲ ಪಂಚರು. ತಳ್ಳಿಕೊಂಡು ಮಧುಗಿರಿಯೊಳಗೆ ಬಂದೆ. ಶಿರಾದಿಂದ ಬಂದು ಇಲ್ಲಿ ಅಂಗಡಿ ಇಟ್ಟಿರುವ ಮೆಕ್ಯಾನಿಕ್ ಸಾಹೇಬರು ನನಗೆ ಹಳೆಯ ಗುರುತು. ಅವರ ಮನೆಯ ಗೋಧಿಯೂ ಒಮ್ಮೊಮ್ಮೆ ನನ್ನ ಮಿಷನ್ನಿಗೆ ಬರುತ್ತದೆ. ಟೈರಿನಿಂದ ಮುಳ್ಳು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ಜಾಲಿಮುಳ್ಳು. ನಮ್ಮದೇ.

"ಆರಾಮಾಗಿ ಕೂತ್ಕೊಳಿ ಭಾಯ್. ತಂಬಿಗೆ ಕೆಳಗೆ ಇಡಂಗಿಲ್ಲ ಅಲ್ವಾ? ತೊಡೆ ಮೇಲೆ ಇಟ್ಕೊಳಿ" ಎಂದು ಅವರೇ ಹೇಳಿದರು. ನನ್ನ ಮುಖ ಸಪ್ಪಗಿದ್ದದ್ದು ಕಂಡು ಏನೆಂದು ಕೇಳಿದರು. ಹೇಳಿದೆ. ಅವರು ಪಾವಗಡದ ಅಮ್ಮನಂತೆ ದಾರಿ ಹುಡುಕಲಿಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾ, ದೇವರ ಮುಂದೆ ಬಿಟ್ಟದ್ದು ಬಿಟ್ಟಾಯಿತು, ಅದರಲ್ಲಿ ಮಾತಿಲ್ಲ ಎಂದರು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ಗುಳ್ಳೆ ನೋಡಿದರು.

"ಮನೇಲಿ ಎಷ್ಟು ಸೇರು ಹಿದುಕವ್ರೆ?"

ಎಂಟು ಸೇರು ಇರಬಹುದು ಎಂದೆ.

ಅವರು ಟ್ಯೂಬು ಒರೆಸಿದರು, ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ಪಂಚರು ಬೇಗ ಹಾಕ್ಲಾ, ನಿಧಾನಕ್ಕೆ ಹಾಕ್ಲಾ?"

೫. ಬೀಗರ ತಿದ್ದುಪಡಿ

ನಿಧಾನಕ್ಕೆ ಹಾಕಿ ಎಂದದ್ದೇ ತಪ್ಪಾಯಿತು. ಅಷ್ಟರಲ್ಲಿ ನಮ್ಮ ಬೀಗರು ಆ ದಾರಿಯಲ್ಲಿ ಬಂದರು. ನನ್ನ ಮಗಳನ್ನು ಕೊಟ್ಟಿರುವುದು ಕೊರಟಗೆರೆಗೆ, ಅವರ ಮಗನಿಗೆ. ಅವರಿಗೆ ಅಲ್ಲಿ ತಾಲ್ಲೂಕು ಕಚೇರಿಯ ಎದುರು ಪತ್ರ ಬರೆಯುವ ಕೆಲಸ: ಕ್ರಯ, ವಿಭಾಗ, ಹಕ್ಕು ಬಿಡುಗಡೆ. ಯಾವುದೋ ಕಾಗದದ ಮೇಲೆ ಮಧುಗಿರಿಗೆ ಬಂದಿದ್ದರು. ನನ್ನ ಕಾಲು ಮುಟ್ಟಲು ಬಗ್ಗಿದರು, ವಯಸ್ಸಿನಲ್ಲಿ ಹಿರಿಯರು ಬೇಡಿ ಎಂದೆ, ನಿಮಗಲ್ಲ ಕಾಶಿಗೆ ಎಂದು ಮುಟ್ಟಿಯೇ ಬಿಟ್ಟರು. ಊಟಕ್ಕೆ ಕೊರಟಗೆರೆಗೆ ಬನ್ನಿ, ನಿಮ್ಮ ಮಗಳು ಇವತ್ತು ಹಿದುಕಿದ ಬೇಳೆ ಮಾಡಿದ್ದಾಳೆ ಎಂದರು.

ಹೊಸಿಲಿನ ನಿಯಮ ಹೇಳಿ ತಪ್ಪಿಸಿಕೊಂಡೆ. ಕ್ಯಾರಿಯರಿನಲ್ಲಿ ಕಳಿಸುತ್ತೇನೆ ಎಂದರು. ಆಗ ನಿಜ ಹೇಳಲೇಬೇಕಾಯಿತು.

ಬೀಗರು ನಗಲಿಲ್ಲ. ಮುಖಕ್ಕೆ ಕಚೇರಿಯ ಕಳೆ ಬಂತು. ಹೇಳಿದ್ದು ಬಾಯಲ್ಲೋ ಬರಹದಲ್ಲೋ ಎಂದು ಕೇಳಿದರು. ಬಾಯಲ್ಲಿ. ಸಾಕ್ಷಿ? ಪುರೋಹಿತರು, ಗಂಗೆ. "ಹೊರಡೋಕೆ ಮುಂಚೆ ನಿಮ್ಮ ಉದ್ದೇಶ ಹಾಗಲಕಾಯಿ ಆಗಿತ್ತು ಅಂತೀರಲ್ಲ ಬೀಗರೇ. ಹಂಗಾದ್ರೆ ಇದು ಕೈತಪ್ಪು. ದಿನಾ ನಾನು ಮಾಡೋ ಕೆಲಸಾನೇ." ಬ್ಯಾಗಿನಿಂದ ಒಂದು ಹಾಳೆ ತೆಗೆದು, ಟೈರಿನ ಮೇಲಿಟ್ಟು, ಎಲ್ಲೂ ಪೆನ್ನು ಎತ್ತದೆ ಬರೆದು, ಓದಿದರು:

"ಶ್ರೀ ಕಾಶಿ ವಿಶ್ವನಾಥಸ್ವಾಮಿಯವರ ಸನ್ನಿಧಾನಕ್ಕೆ, ಮಧುಗಿರಿ ತಾಲ್ಲೂಕು ಬಡವನಹಳ್ಳಿ ಗ್ರಾಮದ ವಾಸಿ, ಹಿಟ್ಟಿನ ಮಿಷನ್ ಮಾಲೀಕನಾದ ನಾನು ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟ ತಿದ್ದುಪಡಿ ಪತ್ರ. ಸದರಿ ಸ್ನಾನಘಟ್ಟದಲ್ಲಿ ಆಡಿದ ಮಾತಿನಲ್ಲಿ ಅವರೆಕಾಯಿ ಎಂದು ಇರುವ ಕಡೆ ಹಾಗಲಕಾಯಿ ಎಂದು ಓದಿಕೊಳ್ಳತಕ್ಕದ್ದು. ಉಳಿದ ಯಾವ ಷರತ್ತಿಗೂ ಬಾಧಕವಿರುವುದಿಲ್ಲ."

ಮೆಕ್ಯಾನಿಕ್ ಸಾಹೇಬರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನಗೂ ಒಂದು ಕ್ಷಣ ಬಾಯಲ್ಲಿ ನೀರೂರಿತು. ಅದೇ ನನ್ನನ್ನು ಎಚ್ಚರಿಸಿತು. ನಮ್ಮ ಹೊಲದ ಸರ್ವೆ ನಂಬರು ತಪ್ಪಾಗಿ ಬಿದ್ದಾಗ ಇದೇ ಬೀಗರು ಹೇಳಿಕೊಟ್ಟ ಮಾತು ನೆನಪಾಯಿತು. ತಿದ್ದುಪಡಿ ಪತ್ರಕ್ಕೆ ಎರಡೂ ಪಾರ್ಟಿಯವರ ರುಜು ಬೇಕಲ್ಲವೇ ಎಂದು ಕೇಳಿದೆ.

ಬೀಗರು ನನ್ನ ತೊಡೆಯ ಮೇಲಿದ್ದ ತಂಬಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿನಲ್ಲಿಟ್ಟರು.

"ಇಟ್ಕೊಂಡಿರಿ," ಎಂದರು. "ಆ ಪಾರ್ಟಿಯೋರು ಯಾವತ್ತಾದ್ರೂ ಒಂದಿನ ಸಿಕ್ಕೇ ಸಿಕ್ತಾರೆ."

೬. ಬಸ್ಸಿನಲ್ಲಿ ಹೋದ ಸುದ್ದಿ

ಮಧುಗಿರಿ ಬಿಟ್ಟು ಶಿರಾ ರಸ್ತೆಗೆ ಬಿದ್ದಾಗ ಬಿಸಿಲು ಇಳಿದಿತ್ತು. ಅಷ್ಟು ರಾಜ್ಯ ದಾಟಿದರೂ ಒಬ್ಬ ಪೊಲೀಸೂ ನನ್ನನ್ನು ನಿಲ್ಲಿಸಿರಲಿಲ್ಲ. ಮನೆಗೆ ಅರ್ಧ ಗಂಟೆಯ ದಾರಿ ಇದೆ ಎನ್ನುವಾಗ ಒಬ್ಬರು ಕೈ ತೋರಿಸಿದರು. ಕಾಗದಪತ್ರ ಕೇಳಿದರು, ಕೊಟ್ಟೆ. ಎಲ್ಲಾ ಸರಿಯಾಗಿತ್ತು. ಎಲ್ಲಿಂದ ಬರುತ್ತಿದ್ದೀರಿ ಎಂದರು. ಕಾಶಿಯಿಂದ ಎಂದೆ. ಅವರು ಟೋಪಿ ತೆಗೆದು ಗಾಡಿಯ ಸೀಟಿನ ಮೇಲಿಟ್ಟು, ಬೂಟು ಬಿಚ್ಚಿ, ರಸ್ತೆ ಬದಿಯಲ್ಲಿ ಮಂಡಿಯೂರಿ ನನ್ನ ಎರಡೂ ಕಾಲು ಹಿಡಿದುಕೊಂಡರು. ತಾಯಿಗೆ ಹುಷಾರಿಲ್ಲ, ಗಂಗೆ ಒಂದು ಹನಿ ಕೊಡಿ ಎಂದರು. ಕೊಟ್ಟೆ. ಒಳ್ಳೆಯ ಮನುಷ್ಯ.

ಅವರು ಕಾಲು ಹಿಡಿದಿದ್ದ ಹೊತ್ತಿಗೆ ಸರಿಯಾಗಿ ಶಿರಾ ಕಡೆಯ ಖಾಸಗಿ ಬಸ್ಸು ನಮ್ಮನ್ನು ದಾಟಿ ಹೋಯಿತು. ಅದರಲ್ಲಿ ಬಡವನಹಳ್ಳಿಯ ಜನ ಇದ್ದರು. ಅವರಿಗೆಲ್ಲ ಕಿಟಕಿಯಿಂದ ಕಂಡದ್ದು ಇಷ್ಟೆ: ಮಿಷನ್ ಅಣ್ಣ ರಸ್ತೆ ಬದಿಯಲ್ಲಿ ನಿಂತಿದ್ದಾರೆ, ಪೊಲೀಸರು ಬಗ್ಗಿ ಅವರ ಕಾಲು ನೋಡುತ್ತಿದ್ದಾರೆ.

ಯಾರೋ ಬಸ್ಸಿನಿಂದಲೇ ಮನೆಗೆ ಸುದ್ದಿ ಮುಟ್ಟಿಸಿರಬೇಕು, ಐದು ನಿಮಿಷಕ್ಕೆ ಮನೆಯವಳ ಫೋನು ಬಂತು.

"ನಿಜ ಹೇಳಿ. ಒಂದು ಕಾಲೋ, ಎರಡೂನೋ?"

೭. ಮೊದಲನೇ ಎಲೆ

ಊರ ಬಾಗಿಲಿಗೆ ಬಂದಾಗ ಎಲ್ಲರೂ ಅಲ್ಲೇ ನಿಂತಿದ್ದರು. ಒಬ್ಬರೂ ನನ್ನ ಮುಖ ನೋಡಲಿಲ್ಲ, ಎಲ್ಲರ ಕಣ್ಣೂ ಮೊಣಕಾಲಿನಿಂದ ಕೆಳಗೆ. ಗಾಡಿಯಿಂದ ಇಳಿದೆ. ದೊಡ್ಡಪ್ಪನವರು ಕೋಲು ಊರಿಕೊಂಡು ಮುಂದೆ ಬಂದು, "ಒಂದೀಟು ನಡ್ದು ತೋರ್ಸ್ಲಾ" ಎಂದರು. ಮೂವತ್ತು ಹೆಜ್ಜೆ ನಡೆದೆ. ಆಮೇಲೆ ಆರತಿ ಎತ್ತಿದರು. ಕಾಲಿಗೆ ನೀರು ಹಾಕುವಾಗ ಮನೆಯವಳು ಎರಡೂ ಪಾದವನ್ನು ವಾಡಿಕೆಗಿಂತ ಹೆಚ್ಚು ಹೊತ್ತು ತೊಳೆದಳು. ಅವಳ ಹೆಬ್ಬೆರಳಿನ ಉಗುರು ಹಸಿರಾಗಿ ಸೀಳಿತ್ತು.

ತಂಬಿಗೆ ದೇವರ ಮುಂದೆ ಇಳಿಸಿದೆ. ಗಂಗೆಯ ಪೂಜೆ ಮುಗಿಯಿತು. ಹೇಳಬೇಕು ಎಂದು ಎರಡು ಸಲ ಅವಳ ಹಿಂದೆ ಅಡಿಗೆಮನೆಗೆ ಹೋದೆ. ಎರಡು ಸಲವೂ ಅಲ್ಲಿ ಆರು ಜನ ಹೆಂಗಸರು, ನಾಲ್ಕು ಒಲೆ. ಪಡಸಾಲೆಯಲ್ಲಿ ಎಲೆ ಹಾಕಿದರು. ಊರವರು ಸಾಲಾಗಿ ಕೂತರು. ಮೊದಲನೇ ಎಲೆ ನನ್ನದು. ಮುದ್ದೆ ಬಂತು. ಅವಳೇ ಸೌಟು ಹಿಡಿದು ಬಂದಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ.

ಸೌಟು ಅಲ್ಲೇ ನಿಂತಿತು.

"ಲೇ, ಇಲ್ಲಿ ಕೇಳು," ಎಂದೆ. "ಕಾಶೀಲಿ ಅವರೆಕಾಯಿ ಬುಟ್ಬುಟ್ಟೆ ಕಣೆ."

ಪಕ್ಕದ ಎಲೆಯಲ್ಲಿದ್ದ ಷಡ್ಡಕ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ನನ್ನ ತಂಗಿ ಬಾಗಿಲಲ್ಲಿ ನಿಂತು ತನ್ನ ಉಗುರು ನೋಡಿಕೊಂಡಳು. ಮನೆಯವಳು ನನ್ನನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡೆ. ಬಯ್ಯಬಹುದು ಎಂದೂ ಅಂದುಕೊಂಡೆ. ಎರಡೂ ಮಾಡದೆ ಸೌಟನ್ನು ಪಾತ್ರೆಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನೂ ಅದ್ನೇ ಬುಟ್ಟಿದ್ದು," ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹನ್ನೊಂದು ವರ್ಷ. ಪ್ರತಿ ವರ್ಷ ಸುಲಿದಳು, ಹಿದುಕಿದಳು, ಬಡಿಸಿದಳು. ನಾನು ಉಂಡು ಕೈ ತೊಳೆದು ಮಿಷನ್ನಿಗೆ ಹೋದ ಮೇಲೆ ಅವಳು ಕೂರುವುದು. ಅವಳ ತಟ್ಟೆಯಲ್ಲಿ ಏನಿರುತ್ತದೆ ಎಂದು ನಾನು ಒಂದು ದಿನವೂ ನೋಡಿದವನಲ್ಲ. ಅಷ್ಟು ಜನರ ಮುಂದೆ ನನ್ನ ಬಾಯಿಂದ ಬಂದ ಮಾತು ಒಂದೇ: "ಅದಕ್ಕೇನಾ ಉಪ್ಪು?"

"ಬಾಯಿಗೆ ಹಾಕಂಗಿದ್ರೆ ನೋಡಿ ಹಾಕ್ತಿದ್ದೆ," ಎಂದಳು.

ಹಾಗಾದರೆ ಹಾಗಲಕಾಯಿ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ. ನೀವು ಎಲೆ ಅಂಚಿಗೆ ತಳ್ಳುತ್ತಿದ್ದಿರಿ, ನನ್ನೊಬ್ಬಳಿಗೆ ಯಾಕೆ ಎಂದು ನಿಲ್ಲಿಸಿದೆ, ನನಗೆ ಇಷ್ಟವೇ ಎಂದಳು. ಸಾಲಿನಲ್ಲಿದ್ದವರು ನನ್ನನ್ನು ನೋಡಿದರು. ನಾನು ಎಲೆ ನೋಡಿದೆ.

ಎಂಟು ಸೇರಿನ ಸಾರು ಊರವರಿಗೆ ಹೋಯಿತು. ಕಾಶಿಗೆ ಹೋಗಿ ಬಂದ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೂತು ಮಜ್ಜಿಗೆಯಲ್ಲಿ ಮುದ್ದೆ ಉಂಡೆವು. ಅವಳ ಜೊತೆ ಒಂದೇ ಸಾಲಿನಲ್ಲಿ ಉಂಡದ್ದು ಮದುವೆಯ ದಿನ ಬಿಟ್ಟರೆ ಅವತ್ತೇ. ಷಡ್ಡಕ ಮೂರನೇ ಸಲ ಹಾಕಿಸಿಕೊಂಡು, ಈ ಸಲ ಉಪ್ಪು ಸರಿಯಾಗಿದೆ ಎಂದ. ಯಾರು ನೋಡಿದರು ಎಂದು ನಾನು ಕೇಳಲಿಲ್ಲ. ತಂಗಿ ಸಾರಿನ ಪಾತ್ರೆಯ ಪಕ್ಕ ನಿಂತು ಇನ್ನೂ ಬೆರಳು ಚೀಪುತ್ತಿದ್ದಳು.

ಊಟ ಮುಗಿಯುವ ಹೊತ್ತಿಗೆ, ಮಜ್ಜಿಗೆಯ ಕೊನೆಯ ಗುಟುಕಿನಲ್ಲಿ, ಬಹಳ ದಿನದ ಮೇಲೆ ಮನಸ್ಸು ಹಗುರವಾಗಿ, ಹೋಗಲಿ ಬಿಡು, ನಿನ್ನ ಉಗುರಾದರೂ ಉಳಿಯಿತು, ಇನ್ನು ಮೇಲೆ ಈ ಕಾಲದಲ್ಲಿ ಏನು ಮಾಡುತ್ತೀ ಎಂದು ಕೇಳಿದೆ.

ಅವಳು ಎಲೆ ಮಡಚುತ್ತಾ ಹೇಳಿದಳು: "ನಾಳೆಯಿಂದ ಹಾಗಲಕಾಯಿ. ಅದನ್ನ ಇಬ್ರೂ ಬುಟ್ಟಿಲ್ವಲ್ಲ."